ಜನಿವಾರ ಸರಿ, ನೂತವರು ಯಾರು?

2025ರ ಏಪ್ರಿಲ್‌ನಲ್ಲಿ ಸಿಇಟಿ ಪರೀಕ್ಷೆಯ ಹೊತ್ತಿಗೆ ಬೀದರ್, ಶಿವಮೊಗ್ಗ ಕಡೆ ಹುಡುಗರ ಜನಿವಾರ ತೆಗೆಸಿದ ಗಲಾಟೆ ನಿಮಗೆಲ್ಲ ನೆನಪಿರಬಹುದು. ಟೀವಿಯಲ್ಲಿ, ಪೇಪರಿನಲ್ಲಿ, ಫೇಸ್‌ಬುಕ್ಕಿನಲ್ಲಿ ವಾರಗಟ್ಟಲೆ ಚರ್ಚೆ. ತೆಗೆಸಿದ್ದು ಸರಿಯಾ, ತಪ್ಪಾ? ಹಾಕಿಕೊಳ್ಳೋದು ಬೇಕಾ, ಬೇಡವಾ? ಎರಡೂ ಕಡೆಯವರು ಗಂಟಲು ಹರಿದುಕೊಂಡರು. ಆದರೆ ಅಷ್ಟೂ ಮಾತಿನಲ್ಲಿ ಒಂದು ಪ್ರಶ್ನೆ ಮಾತ್ರ ಯಾರ ಬಾಯಲ್ಲೂ ಬರಲಿಲ್ಲ. ಆ ದಾರ ಯಾರು ಮಾಡಿದ್ದು?

ತಮಾಷೆಗೆ ಕೇಳ್ತಾ ಇಲ್ಲ. ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆಯ ಹಳೇ ಹವ್ಯಕರ ಮನೆಗಳಲ್ಲಿ ಜನಿವಾರ ಅಂದರೆ ಅಂಗಡಿಯ ಸಾಮಾನಲ್ಲ. ಹತ್ತಿ ಬಿಡಿಸಿ, ತಕಲಿಯಲ್ಲಿ ನೂತು, ಅಳತೆ ಹಾಕಿ, ಹುರಿ ಮಾಡಿ, ಗಂಟು ಹಾಕಿ ಮನೆಯಲ್ಲೇ ಮಾಡಿಕೊಳ್ಳುತ್ತಿದ್ದ ವಸ್ತು. ನಾವು ಅದನ್ನು ಶಾಸ್ತ್ರದ ಕಪಾಟಿನಲ್ಲಿಟ್ಟು ನೋಡ್ತೀವಿ. ಒಮ್ಮೆ ಕೈಕೆಲಸದ ಕಪಾಟಿನಲ್ಲಿಟ್ಟು ನೋಡೋಣ ಅಂತ ಈ ಬರಹ.

ಮೊದಲು ಹೆಸರಿನಿಂದಲೇ ಶುರುಮಾಡೋಣ. ಶ್ರಾವಣದ ಹುಣ್ಣಿಮೆಗೆ ಪಂಚಾಂಗದಲ್ಲಿ ಉಪಾಕರ್ಮ ಅಂತ ಇರುತ್ತದೆ, ಶಾಲೆ ಮಕ್ಕಳಿಗೆ ಅದು ರಕ್ಷಾಬಂಧನ. ಆದರೆ ಕನ್ನಡದ ಹೆಸರು ನೂಲ ಹುಣ್ಣಿಮೆ. ಎಷ್ಟು ಚಂದದ ಹೆಸರು ಅಲ್ವಾ? ಮಂತ್ರದ ಹುಣ್ಣಿಮೆ ಅಂತಲೂ ಅನ್ನಲಿಲ್ಲ, ಬ್ರಾಹ್ಮಣರ ಹುಣ್ಣಿಮೆ ಅಂತಲೂ ಅನ್ನಲಿಲ್ಲ. ಜನ ಆ ದಿನವನ್ನು ನೂಲಿನಿಂದ ಗುರುತಿಸಿದರು. ಹವ್ಯಕರಲ್ಲಿ ಹೆಚ್ಚಿನವರು ಯಜುರ್ವೇದದವರು, ಬೌಧಾಯನ ಸೂತ್ರದವರು. ಹಾಗಾಗಿ ವರ್ಷಕ್ಕೊಮ್ಮೆ ಜನಿವಾರ ಬದಲಿಸುವ ಹಬ್ಬ ಅವರಿಗೆ ಈ ಹುಣ್ಣಿಮೆಗೇ ಬರುತ್ತದೆ. ಹಬ್ಬ ಶ್ರಾವಣದ್ದಾದರೂ ಅದರ ಕೆಲಸ ಶ್ರಾವಣಕ್ಕೆ ಶುರುವಾಗುವಂಥದ್ದಲ್ಲ. ಮನೆಯಲ್ಲಿ ಎಂಟು ಹತ್ತು ಗಂಡಸರಿದ್ದ ಕಾಲ. ಅಷ್ಟೂ ಜನಕ್ಕೆ ಆಗುವಷ್ಟು ನೂಲು ಮೊದಲೇ ತಯಾರಿರಬೇಕು. ಜೊತೆಗೆ ಉಪನಯನ, ಮದುವೆ, ಸೂತಕ ಕಳೆದ ಮೇಲಿನದು, ಹರಿದುಹೋದದ್ದು... ಬೇಕಾಗೋದು ವರ್ಷಪೂರ್ತಿ.

ಈಗ ಒಂದು ವಿಚಿತ್ರ ನೋಡಿ. ಈ ಮೂರು ತಾಲೂಕುಗಳು ಹತ್ತಿಯ ಸೀಮೆಯೇ ಅಲ್ಲ. ಅಡಿಕೆ, ಕಾಳುಮೆಣಸು, ಏಲಕ್ಕಿ, ಭತ್ತದ ಊರುಗಳಿವು. ಜೂನ್‌ನಲ್ಲಿ ಹಿಡಿದ ಮಳೆ ಸೆಪ್ಟೆಂಬರಿನವರೆಗೆ ಬಿಡೋದಿಲ್ಲ. ಹತ್ತಿಗೆ ಬೇಕಾದದ್ದು ಬಿಸಿಲು ಮತ್ತು ಬಯಲಿನ ಕಪ್ಪು ಮಣ್ಣು. ಕಾಯಿ ಒಡೆಯುವ ಹೊತ್ತಿಗೆ ಮಳೆ ಬಂದರೆ ಅರಳೆ ಕೊಳೆತು ಕಪ್ಪಾಗುತ್ತದೆ. ಕಾಡಿನಲ್ಲಿ ಬೂರಲ ಮರ ಬೇಕಾದಷ್ಟಿದೆ, ಆದರೆ ಬೂರಲದ ಹತ್ತಿ ನೂಲೋಕೆ ಬರೋದಿಲ್ಲ. ಎಳೆ ಗಿಡ್ಡ, ನುಣುಪು, ಒಂದಕ್ಕೊಂದು ಹಿಡಿಯೋದಿಲ್ಲ. ದಿಂಬಿಗೆ ತುಂಬಬಹುದು, ಅಷ್ಟೇ.

ಹಾಗಿದ್ದರೆ ಹತ್ತಿ ಎಲ್ಲಿಂದ? ಎರಡು ದಾರಿ. ಒಂದು, ಅಂಗಳದ ಮೂಲೆಯ ಹತ್ತಿ ಗಿಡ. ಬಯಲುಸೀಮೆಯ ವರ್ಷದ ಬೆಳೆಯಲ್ಲ ಇದು, ನಾಲ್ಕಾರು ವರ್ಷ ನಿಲ್ಲುವ, ಆಳೆತ್ತರ ಮೀರಿ ಬೆಳೆಯುವ ದೇಸಿ ಜಾತಿ. ದೇವರ ದೀಪದ ಬತ್ತಿಗೆ, ಗೆಜ್ಜೆವಸ್ತ್ರಕ್ಕೆ, ಜನಿವಾರಕ್ಕೆ ಅಂತಲೇ ಇಟ್ಟುಕೊಂಡದ್ದು. ಇನ್ನೊಂದು, ಘಟ್ಟದ ಮೇಲಿನ ಬಯಲಿನಿಂದ ಬರುವ ಹತ್ತಿ. ಇದರದ್ದೇ ಒಂದು ದೊಡ್ಡ ಕಥೆ ಇದೆ.

1861ರಿಂದ 65ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆದು ಇಂಗ್ಲೆಂಡಿನ ಮಿಲ್ಲುಗಳಿಗೆ ಹತ್ತಿ ಸಿಗದೇ ಹೋಯಿತು. ಲ್ಯಾಂಕಾಶೈರಿನವರ ಕಣ್ಣು ಧಾರವಾಡದ ಹತ್ತಿಯ ಮೇಲೆ ಬಿತ್ತು. ಧಾರವಾಡದಿಂದ ಸಮುದ್ರಕ್ಕೆ ಇಳಿಯಬೇಕಾದರೆ ನಮ್ಮ ಘಟ್ಟವೇ ದಾರಿ. ಶಿರಸಿ ಹಾದು ದೇವಿಮನೆ ಘಟ್ಟ ಇಳಿದರೆ ಕುಮಟಾ, ಯಲ್ಲಾಪುರ ಹಾದು ಅರಬೈಲು ಘಟ್ಟ ಇಳಿದರೆ ಕಾರವಾರ. 1862ರಲ್ಲಿ ಉತ್ತರ ಕನ್ನಡವನ್ನು ಮದರಾಸು ಪ್ರಾಂತ್ಯದಿಂದ ಕಿತ್ತು ಮುಂಬಯಿ ಪ್ರಾಂತ್ಯಕ್ಕೆ ಸೇರಿಸಿದ್ದರ ಹಿಂದೆಯೂ ಕಾರವಾರ ಬಂದರಿನ ಮತ್ತು ಈ ಹತ್ತಿಯ ಲೆಕ್ಕಾಚಾರವೇ ಇತ್ತು. ಧಾರವಾಡದ ಹತ್ತಿಗೆ ಮುಂಬಯಿ ಪೇಟೆಯಲ್ಲಿ ಬಿದ್ದ ಹೆಸರೇ ಕುಮಟಾ ಹತ್ತಿ. ಒಂದು ಎಕರೆ ಹತ್ತಿಯನ್ನೂ ಬೆಳೆಯದ ಊರಿನ ಹೆಸರು ಹತ್ತಿಗೆ! ಮೂಟೆ ಹೊತ್ತ ಗಾಡಿಗಳು ಈ ಊರುಗಳ ಮುಂದೆಯೇ ಸಾಲುಗಟ್ಟಿ ಹೋದವು. 1880ರ ದಶಕದಲ್ಲಿ ಹುಬ್ಬಳ್ಳಿ, ಧಾರವಾಡಕ್ಕೆ ರೈಲು ಬಂದು ಹತ್ತಿ ಮುರ್ಮುಗೋವಾ ಬಂದರಿಗೆ ತಿರುಗಿದ ಮೇಲೆ ಘಟ್ಟದ ಗಾಡಿಗಳು ಕಡಿಮೆಯಾದವು.

ಸಾವಿರಾರು ಮೂಟೆ ಲಿವರ್‌ಪೂಲಿಗೆ ಹೋಗುವ ದಾರಿಯ ಪಕ್ಕದಲ್ಲೇ ಒಂದು ಮುಷ್ಟಿ ಹತ್ತಿ ಹಿಡಿದು ಜಗಲಿಯ ಮೇಲೆ ಕೂತು ನೂಲುವವರಿದ್ದರು. ಆ ದೊಡ್ಡ ಕಥೆ ಗೆಜೆಟಿಯರಿನಲ್ಲಿದೆ. ಈ ಸಣ್ಣದು ಯಾವ ಪುಸ್ತಕದಲ್ಲೂ ಹೆಚ್ಚಾಗಿ ಬರೋದಿಲ್ಲ.

ಸರಿ, ಈಗ ಕೆಲಸಕ್ಕೆ ಬರೋಣ. ಹತ್ತಿಯಿಂದ ಬೀಜ ಬಿಡಿಸಬೇಕು. ಸ್ವಲ್ಪವೇ ಇದ್ದರೆ ಬೆರಳಲ್ಲೇ ಆಗುತ್ತದೆ, ಇಲ್ಲವಾದರೆ ಮಣೆಯ ಮೇಲಿಟ್ಟು ಕಬ್ಬಿಣದ ಸರಳು ಉರುಳಿಸಿದರೆ ಬೀಜ ಮುಂದೆ ಹಾರುತ್ತದೆ. ಆಮೇಲೆ ಅರಳೆಯನ್ನು ಬಿಡಿಬಿಡಿಯಾಗಿ ಹಿಂಜಬೇಕು. ಹಿಂಜಿದ್ದನ್ನು ಕಡ್ಡಿಗೆ ಸುತ್ತಿ ಹಗುರಾಗಿ ಉರುಳಿಸಿ ಕಡ್ಡಿ ಎಳೆದುಕೊಂಡರೆ ಹಂಜಿ. ಹಂಜಿ ಚೆನ್ನಾಗಿದ್ದರೆ ಅರ್ಧ ನೂಲು ಆದ ಹಾಗೇ. ತಕಲಿ ಅಂದರೆ ಏನೂ ಅಲ್ಲ, ಒಂದು ಗೇಣಿಗಿಂತ ಚಿಕ್ಕ ಕಡ್ಡಿ, ಬುಡದಲ್ಲಿ ಭಾರಕ್ಕೆ ಒಂದು ಬಿಲ್ಲೆ, ತುದಿಯಲ್ಲಿ ಕೊಕ್ಕೆ. ಬಲಗೈಯಲ್ಲಿ ತಿರುಪಿ ಬಿಟ್ಟು ಎಡಗೈಯಲ್ಲಿ ಹಂಜಿಯನ್ನು ಮೇಲಕ್ಕೆ ಎಳೆಯುತ್ತಾ ಹೋಗಬೇಕು. ಎಳೆಯೋದು ಬೇಗವಾದರೆ ನೂಲು ಕಡಿಯುತ್ತದೆ. ನಿಧಾನವಾದರೆ ಹುರಿ ಹೆಚ್ಚಾಗಿ ಗುಂಜುಗಟ್ಟಿಕೊಳ್ಳುತ್ತದೆ. ಇವೆರಡರ ನಡುವಿನ ಹದ ಬಾಯಲ್ಲಿ ಹೇಳಿಕೊಡೋಕೆ ಬರೋದಿಲ್ಲ, ಬೆರಳಿಗೇ ಗೊತ್ತಾಗಬೇಕು.

ನೂಲು ಆಯಿತು. ಈಗ ವಿನ್ಯಾಸ. ಜನಿವಾರದ ವಿನ್ಯಾಸದಲ್ಲಿ ಮೂರರ ಲೆಕ್ಕ ಮೂರು ಸಲ ಬರುತ್ತದೆ. ಮೂರು ಎಳೆ ಒಟ್ಟಿಗೆ ಹಿಡಿದು ಬಲಗೈಯ ನಾಲ್ಕು ಬೆರಳಿಗೆ 96 ಸುತ್ತು. ಅದಕ್ಕೆ ಒಂದು ದಿಕ್ಕಿಗೆ ಹುರಿ. ಆ ಹುರಿಯನ್ನು ಮೂರು ಮಡಿಸಿ, ಈ ಸಲ ಎದುರು ದಿಕ್ಕಿಗೆ ಹುರಿ. ಈಗ ಒಂದು ದಾರದೊಳಗೆ ಒಂಬತ್ತು ಎಳೆ. ಅದನ್ನು ಮೂರು ಸುತ್ತು ಮಾಡಿ ತುದಿ ಸೇರಿಸಿ ಬ್ರಹ್ಮಗಂಟು. ಮನೆಯಿಂದ ಮನೆಗೆ ಕ್ರಮದಲ್ಲಿ ಸಣ್ಣಪುಟ್ಟ ವ್ಯತ್ಯಾಸ ಇದ್ದೇ ಇರುತ್ತದೆ.

ನಾನೊಂದು ಲೆಕ್ಕ ಹಾಕಿ ನೋಡಿದೆ. ನಾಲ್ಕು ಬೆರಳಿನ ಸುತ್ತಳತೆ ಸುಮಾರು 20 ಸೆಂಟಿಮೀಟರ್ ಅಂತಿಟ್ಟುಕೊಳ್ಳಿ. 96 ಸುತ್ತಿಗೆ 19 ಮೀಟರ್ ಚಿಲ್ಲರೆ. ಮೂರು ಎಳೆ ಅಂದರೆ ಬಿಡಿ ನೂಲು ಹತ್ತಿರ ಹತ್ತಿರ 58 ಮೀಟರ್. ಮೂರು ಮಡಿಸಿದಾಗ ಒಂಬತ್ತೆಳೆಯ ದಾರ ಆರೂಕಾಲು ಮೀಟರ್ ಚಿಲ್ಲರೆ, ಅದನ್ನು ಮೂರು ಸುತ್ತು ಮಾಡಿದರೆ ಒಂದು ಸುತ್ತಿಗೆ ಎರಡು ಮೀಟರ್‌ಗಿಂತ ತುಸು ಹೆಚ್ಚು. ಹುರಿಯಲ್ಲಿ ಕುಗ್ಗೋದು, ಗಂಟಿಗೆ ಹೋಗೋದು ಕಳೆದರೆ ಎಡ ಹೆಗಲಿನಿಂದ ಬಲ ಸೊಂಟಕ್ಕೆ ಸರಿಯಾಗಿ ಬರುತ್ತದೆ! ತನ್ನ ಕೈಬೆರಳಿನಲ್ಲೇ ಅಳೆದುಕೊಂಡರೆ ತನ್ನ ಮೈಗೇ ಹೊಂದುವ ಅಳತೆ. ಟೇಪು ಬೇಡ, ದರ್ಜಿಯೂ ಬೇಡ. ದೊಡ್ಡ ಆಳಿನ ಬೆರಳೂ ದೊಡ್ಡದು, ಜನಿವಾರವೂ ಉದ್ದ. ಎಂಟು ವರ್ಷದ ಮಾಣಿಯ ಬೆರಳು ಚಿಕ್ಕದು, ಅವನದು ಗಿಡ್ಡ.

ಈ 96ಕ್ಕೆ ಹಿರಿಯರು ಹೇಳುವ ಲೆಕ್ಕವೂ ಇದೆ: ತಿಥಿ 15, ವಾರ 7, ನಕ್ಷತ್ರ 27, ತತ್ತ್ವ 25, ವೇದ 4, ಗುಣ 3, ಕಾಲ 3, ಮಾಸ 12. ಕೂಡಿಸಿ ನೋಡಿ, 96. ಮನುಷ್ಯನ ಎತ್ತರ ಅವನ ಬೆರಳಿನಲ್ಲೇ 96 ಅಂಗುಲ ಅನ್ನೋದು ಇನ್ನೊಂದು ವಿವರಣೆ. ನನಗೆ ಈ ಎರಡನೆಯದು ಹೆಚ್ಚು ಇಷ್ಟ. ಅದರಲ್ಲಿ ಕೆಲಸ ಮಾಡಿದವರ ಬುದ್ಧಿ ಕಾಣುತ್ತದೆ.

ಎರಡು ದಿಕ್ಕಿನ ಹುರಿಯ ಗುಟ್ಟೂ ಹಾಗೆಯೇ. ಮೊದಲ ಹುರಿ ಮೇಲ್ಮುಖ, ಎರಡನೆಯದು ಕೆಳಮುಖ ಅಂತ ಶಾಸ್ತ್ರ ಹೇಳುತ್ತದೆ. ಮಂತ್ರದ ವಿಷಯ ಅಂತ ನಾವು ಕೈಮುಗಿದು ಬಿಡ್ತೀವಿ. ಆದರೆ ಹಗ್ಗ ಹೊಸೆಯುವ ಯಾರನ್ನೇ ಕೇಳಿ, ಒಂದೇ ದಿಕ್ಕಿಗೆ ಹುರಿ ಹಾಕಿದ್ದು ಬಿಟ್ಟ ಕೂಡಲೇ ಬಿಚ್ಚಿಕೊಳ್ಳುತ್ತದೆ. ಎದುರು ದಿಕ್ಕಿನ ಹುರಿ ಬಿದ್ದಾಗ ಒಂದು ಬಿಚ್ಚಿಕೊಳ್ಳಲು ನೋಡಿದರೆ ಇನ್ನೊಂದು ಬಿಗಿಯುತ್ತದೆ. ಎರಡೂ ಒಂದನ್ನೊಂದು ಹಿಡಿದು ನಿಲ್ಲುತ್ತವೆ. ವರ್ಷವಿಡೀ ಬೆವರು, ಸ್ನಾನ, ಮಲೆನಾಡಿನ ಮಳೆ ತಿಂದೂ ಸಡಿಲಾಗದ ದಾರದ ರಹಸ್ಯ ಇದು. ಅದೂ ಅಲ್ಲದೆ ಹತ್ತಿಯ ಎಳೆ ಒದ್ದೆಯಾದಾಗ ಒಣಗಿದ್ದಕ್ಕಿಂತ ಗಟ್ಟಿ.

ಇನ್ನು ಇತಿಹಾಸ. ಜನಿವಾರ ಮೊದಲಿಂದಲೂ ದಾರವೇ ಆಗಿತ್ತಾ? ಅಲ್ಲ ಅನ್ನುತ್ತವೆ ಹಳೆಯ ಗ್ರಂಥಗಳು. ತೈತ್ತಿರೀಯ ಆರಣ್ಯಕದಲ್ಲಿ ಯಜ್ಞೋಪವೀತ ಅಂದರೆ ಎಡ ಹೆಗಲಿನ ಮೇಲಿಂದ ಬಲಗೈ ಕೆಳಗೆ ಹೊದೆಯುವ ಜಿಂಕೆಯ ಚರ್ಮ ಅಥವಾ ಬಟ್ಟೆ. ಆಪಸ್ತಂಬ ಧರ್ಮಸೂತ್ರ, ಗೃಹಸ್ಥ ಯಾವಾಗಲೂ ಉತ್ತರೀಯ ಹೊದ್ದಿರಬೇಕು, ಇಲ್ಲವಾದರೆ ಅದರ ಬದಲಿಗೆ ದಾರವೂ ಆಗಬಹುದು ಅನ್ನುತ್ತದೆ. ಪಾಂಡುರಂಗ ವಾಮನ ಕಾಣೆಯವರು ಧರ್ಮಶಾಸ್ತ್ರದ ಇತಿಹಾಸದಲ್ಲಿ ಇದನ್ನೆಲ್ಲ ವಿವರವಾಗಿ ಚರ್ಚಿಸಿದ್ದಾರೆ. ಬಟ್ಟೆಯ ಬದಲಿಗೆ ಬಂದ ದಾರ ಕಡೆಗೆ ಬಟ್ಟೆಯನ್ನೇ ಮರೆಸಿತು! ಮನುಸ್ಮೃತಿಯ ಹೊತ್ತಿಗೆ ಯಾರಿಗೆ ಯಾವ ನೂಲು ಅನ್ನೋ ಭೇದವೂ ಬಂತು. ಬ್ರಾಹ್ಮಣನಿಗೆ ಹತ್ತಿ, ಕ್ಷತ್ರಿಯನಿಗೆ ಸೆಣಬು, ವೈಶ್ಯನಿಗೆ ಉಣ್ಣೆ. ಉಳಿದವರಿಗೆ ಏನೂ ಇಲ್ಲ.

ನೂಲುವವರು ಯಾರು ಅನ್ನೋ ಪ್ರಶ್ನೆಗೆ ಧರ್ಮಶಾಸ್ತ್ರಕ್ಕಿಂತ ಅರ್ಥಶಾಸ್ತ್ರ ಸರಿಯಾದ ಉತ್ತರ ಕೊಡುತ್ತದೆ. ಕೌಟಿಲ್ಯನ ಅರ್ಥಶಾಸ್ತ್ರದ ಓಲೆ ಸಿಕ್ಕಿದ್ದು ನಮ್ಮ ಮೈಸೂರಿನಲ್ಲೇ, ಆರ್. ಶಾಮಶಾಸ್ತ್ರಿಗಳು ಅದನ್ನು 1909ರಲ್ಲಿ ಅಚ್ಚು ಮಾಡಿಸಿದರು. ಅದರಲ್ಲಿ ಸೂತ್ರಾಧ್ಯಕ್ಷ ಅಂತ ಒಬ್ಬ ಅಧಿಕಾರಿ ಇದ್ದಾನೆ, ಅಂದರೆ ನೂಲಿನ ಇಲಾಖೆಯ ಮುಖ್ಯಸ್ಥ. ಅವನು ನೂಲಿಸಬೇಕಾದದ್ದು ವಿಧವೆಯರಿಂದ, ಅಂಗವಿಕಲ ಹೆಂಗಸರಿಂದ, ಕನ್ಯೆಯರಿಂದ, ಸನ್ಯಾಸಿನಿಯರಿಂದ, ವೇಶ್ಯೆಯರ ತಾಯಂದಿರಿಂದ, ದೇವಸ್ಥಾನದ ಸೇವೆಯಿಂದ ಬಿಟ್ಟ ದೇವದಾಸಿಯರಿಂದ. ಮನೆಯಿಂದ ಹೊರಗೆ ಬಾರದ ಹೆಂಗಸರಿಗೆ ದಾಸಿಯರ ಕೈಯಲ್ಲಿ ಹತ್ತಿ ಕಳಿಸಬೇಕು. ನೂಲಿನ ನಯ ನೋಡಿ ಕೂಲಿ. ಬೇರೆ ಆಸರೆಯಿಲ್ಲದ ಹೆಂಗಸರ ಕೆಲಸ ನೂಲುವುದು ಅಂತ ಎರಡು ಸಾವಿರ ವರ್ಷದ ಹಿಂದೆಯೇ ಬರೆದಿಟ್ಟ ಹಾಗಾಯಿತು.

ಘಟ್ಟದ ಮೇಲಿನ ಮನೆಗಳಲ್ಲೂ ಬೇರೆ ಥರ ಇರಲಿಲ್ಲ. ಕೆಲವು ಕಡೆ ಗಂಡಸರೇ ನೂತುಕೊಳ್ಳುತ್ತಿದ್ದರು, ಭಟ್ಟರು ನೂತು ಶಿಷ್ಯರ ಮನೆಗೆ ಕೊಡುವುದಿತ್ತು, ನಿಜ. ಆದರೆ ಮನೆಯ ಹಿರಿಯ ಹೆಂಗಸರ ಕೈಯ ತಕಲಿಯೂ ಅಷ್ಟೇ ತಿರುಗಿದೆ. ಅದರಲ್ಲೂ ಚಿಕ್ಕ ವಯಸ್ಸಿನಲ್ಲೇ ಗಂಡ ಸತ್ತು, ತಲೆ ಬೋಳಿಸಿಕೊಂಡು, ಕೆಂಪು ಸೀರೆ ಉಟ್ಟು ಮಡಿಯಲ್ಲಿ ಕಾಲ ಕಳೆದವರು. ಮದುವೆ ಮನೆಯಲ್ಲಿ ಎದುರು ಬರಬಾರದು, ಉಪನಯನದ ಮಂಟಪದ ಹತ್ತಿರ ಸುಳಿಯಬಾರದು. ಆದರೆ ಮಡಿ ಇರೋದರಿಂದ ಅವರು ನೂತ ನೂಲು ಶುದ್ಧ! ಮಾಣಿಯ ಕೊರಳಿಗೆ ಬೀಳುವ ದಾರ ಒಳಗೆ ಹೋಗುತ್ತದೆ, ನೂತವರು ಹಿಂದಿನ ಬಾಗಿಲಲ್ಲೇ ಉಳಿಯುತ್ತಾರೆ. ಒಂಬತ್ತು ಎಳೆಗೆ ಓಂಕಾರ, ಅಗ್ನಿ, ಸೋಮ, ಪಿತೃ, ಪ್ರಜಾಪತಿ ಅಂತ ಒಂಬತ್ತು ದೇವತೆಗಳನ್ನು ಹೆಸರು ಹಿಡಿದು ಕರೆಯುತ್ತಾರೆ. ಆ ಪಟ್ಟಿಯಲ್ಲಿ ನೂತವರ ಹೆಸರು ಇಲ್ಲ. ಹೆಣ್ಣುಮಕ್ಕಳಿಗೆ ಇದು ಎಂದೂ ಇರಲಿಲ್ಲ ಅಂತ ವಾದ ಮಾಡುವವರಿಗೆ ಒಂದು ಮಾತು: ಹಾರೀತನ ಹೆಸರಿನ ಧರ್ಮಸೂತ್ರದಲ್ಲಿ ಬ್ರಹ್ಮವಾದಿನಿಯರಿಗೆ ಉಪನಯನ, ವೇದಾಧ್ಯಯನ ಎರಡನ್ನೂ ಹೇಳಿದೆ. ಇದ್ದದ್ದು ಹೋಗಿದ್ದೇ ಹೊರತು ಇಲ್ಲದ್ದಲ್ಲ.

ಇದೇ ತಕಲಿಗೆ ಇದ್ದಕ್ಕಿದ್ದ ಹಾಗೆ ಬೇರೆ ಅರ್ಥ ಬಂದದ್ದು 1924ರಲ್ಲಿ. ಆ ಡಿಸೆಂಬರಿನಲ್ಲಿ ಬೆಳಗಾವಿಯಲ್ಲಿ ಕಾಂಗ್ರೆಸ್ ಅಧಿವೇಶನ, ಗಾಂಧೀಜಿ ಅಧ್ಯಕ್ಷರು. ಅವರು ಅಧ್ಯಕ್ಷರಾಗಿದ್ದ ಅಧಿವೇಶನ ಅದೊಂದೇ. ಸದಸ್ಯತ್ವದ ಚಂದಾ ದುಡ್ಡಲ್ಲಲ್ಲ, ನೂಲಿನಲ್ಲಿ: ತಿಂಗಳಿಗೆ 2000 ಗಜ ನೂಲು ಕೊಡಬೇಕು. ನಮ್ಮ ಲೆಕ್ಕದಲ್ಲಿ ಹೇಳೋದಾದರೆ ತಿಂಗಳಿಗೆ ಮೂವತ್ತೊಂದು ಜನಿವಾರದಷ್ಟು ನೂಲು! ಸ್ವತಃ ನೂಲಲು ಮನಸ್ಸಿಲ್ಲದವರು ಬೇರೆಯವರು ನೂತದ್ದನ್ನು ತಂದು ಕೊಡಬಹುದು ಅಂತ ಒಂದು ಸಂದು ಬಿಟ್ಟಿದ್ದರು. 1925ರಲ್ಲಿ ನಾಲ್ಕಾಣೆ ಕೊಟ್ಟರೂ ಆದೀತು ಅಂತ ಸಡಿಲ ಮಾಡಿದರು. ಅದೇ ವರ್ಷ ಅಖಿಲ ಭಾರತ ಚರಕಾ ಸಂಘ ಹುಟ್ಟಿತು.

ಅಲ್ಲಿಯವರೆಗೆ ಜಗಲಿಯ ಮೂಲೆಯಲ್ಲಿದ್ದ ತಕಲಿ ಈಗ ಸಭೆಗೆ ಬಂತು, ಶಾಲೆಗೆ ಬಂತು. ಯಾವ ಜಾತಿಯವರೂ ನೂಲಬಹುದು, ನೂತದ್ದನ್ನು ಯಾರು ಬೇಕಾದರೂ ಉಡಬಹುದು. ಮುಂದೆ ಸಿದ್ದಾಪುರ, ಅಂಕೋಲಾ ತಾಲೂಕುಗಳಲ್ಲಿ ಕರನಿರಾಕರಣೆ ಚಳವಳಿ ನಡೆದು ಎಷ್ಟೋ ರೈತರ ಜಮೀನು, ಮನೆ ಜಪ್ತಿಯಾದವು. 1932ರಲ್ಲಿ ಸಿದ್ದಾಪುರದ ಮಾವಿನಗುಂಡಿಯಲ್ಲಿ, ಜಪ್ತಿಯಾದ ಆಸ್ತಿಯನ್ನು ಹರಾಜಿನಲ್ಲಿ ಕೊಂಡವರ ಮನೆಯೆದುರು ಸತ್ಯಾಗ್ರಹ ಕೂತವರು ಹೆಂಗಸರು. ಹಿಂದಿನ ಬಾಗಿಲಲ್ಲಿ ಇದ್ದವರು ಬೀದಿಗೆ ಬಂದ ಕಥೆ ಅದು. ಮುಂದೆ ವಿನೋಬಾ ಭಾವೆಯವರ ಭೂದಾನ ಪಾದಯಾತ್ರೆಯಲ್ಲಿ ಅವರ ಜೊತೆ ನಡೆದ ಮಹಾದೇವಿ ತಾಯಿ ಸಿದ್ದಾಪುರ ಸೀಮೆಯವರೇ.

1934ರಲ್ಲಿ ಗಾಂಧೀಜಿ ಹರಿಜನ ಯಾತ್ರೆಯಲ್ಲಿ ಶಿರಸಿ, ಸಿದ್ದಾಪುರಕ್ಕೂ ಬಂದರು. ದಿನಾ ನೂಲುತ್ತಿದ್ದ ಆ ಮನುಷ್ಯನ ಮೈಮೇಲೆ ಜನಿವಾರ ಇರಲಿಲ್ಲ. 1915ರ ಕುಂಭಮೇಳದ ಹೊತ್ತಿಗೆ ಹರಿದ್ವಾರದ ಕಡೆ ಒಬ್ಬ ಸ್ವಾಮಿಗಳು ಜುಟ್ಟೂ ಇಲ್ಲ ಜನಿವಾರವೂ ಇಲ್ಲವಲ್ಲ ಅಂತ ಬೇಸರಪಟ್ಟಾಗ, ಜುಟ್ಟು ಬಿಡಬಹುದು, ಆದರೆ ಕೋಟ್ಯಂತರ ಹಿಂದೂಗಳಿಗೆ ಇಲ್ಲದ ಜನಿವಾರ ನನಗೂ ಬೇಡ ಅನ್ನೋ ಅರ್ಥದ ಉತ್ತರ ಕೊಟ್ಟಿದ್ದನ್ನು ಅವರ ಆತ್ಮಕಥೆಯಲ್ಲಿ ಓದಬಹುದು. ನೂಲುವುದನ್ನು ಎಲ್ಲರಿಗೂ ಕೊಟ್ಟು ಧರಿಸುವುದನ್ನು ತಾನು ಬಿಟ್ಟವರು ಅವರು.

ಅವರು ನೂತ ನೂಲಿನ ಇನ್ನೊಂದು ಕಥೆಯೂ ಇಲ್ಲಿ ನೆನಪಾಗುತ್ತದೆ. 1947ರ ನವೆಂಬರಿನಲ್ಲಿ ಇಂಗ್ಲೆಂಡಿನ ರಾಜಕುಮಾರಿ ಎಲಿಜಬೆತ್ ಮದುವೆಗೆ ಗಾಂಧೀಜಿ ಕಳಿಸಿದ ಉಡುಗೊರೆ, ತಾವೇ ನೂತ ನೂಲಿನಲ್ಲಿ ಹೆಣೆಸಿದ ಒಂದು ಲೇಸಿನ ವಸ್ತ್ರ. ನಡುವೆ ಜೈ ಹಿಂದ್ ಅನ್ನೋ ಅಕ್ಷರ. ರಾಜಕುಮಾರಿಯ ಅಜ್ಜಿ ಕ್ವೀನ್ ಮೇರಿ ಅದನ್ನು ಗಾಂಧಿಯ ಪಂಚೆ ಅಂತ ತಿಳಿದು ಮೂಗು ಮುರಿದದ್ದು ದೊಡ್ಡ ಸುದ್ದಿಯಾಯಿತು. ಆದರೆ ಅದನ್ನು ಹೆಣೆದದ್ದು ಯಾರು? ಒಬ್ಬ ಪಂಜಾಬಿ ಹುಡುಗಿ. ಅಷ್ಟೇ. ಕೊಟ್ಟವರ ಹೆಸರು, ಪಡೆದವರ ಹೆಸರು, ಮೂಗು ಮುರಿದವರ ಹೆಸರು ಕೂಡ ಎಲ್ಲರಿಗೂ ಗೊತ್ತು. ಹೆಣೆದ ಕೈ ಮಾತ್ರ ಬರೀ 'ಪಂಜಾಬಿ ಹುಡುಗಿ'. ನೋಡಿ, ಅಲ್ಲೂ ಇದೇ ಕಥೆ.

ಇವತ್ತು ಗ್ರಂಥಿಗೆ ಅಂಗಡಿಗೆ ಹೋದರೆ ಪ್ಲಾಸ್ಟಿಕ್ ಕವರಿನಲ್ಲಿ ಜನಿವಾರ ಸಿಗುತ್ತದೆ. ಮಿಲ್ಲಿನ ನೂಲು, ಒಂದೇ ಸಮನೆ ನಯ, ಎಲ್ಲರಿಗೂ ಒಂದೇ ಅಳತೆ. ಬೆರಳಿನ ಲೆಕ್ಕ ಅಲ್ಲಿಗೆ ಮುಗಿಯಿತು. ಇದನ್ನು ಮಲೆನಾಡಿನ ಸಂಗತಿ ಅಂತಷ್ಟೇ ತಿಳಿಯಬೇಡಿ. ಯಲ್ಲಾಪುರದಿಂದ ಒಂದೂವರೆ ಎರಡು ತಾಸಿನ ದಾರಿ, ಹುಬ್ಬಳ್ಳಿಯ ಬೆಂಗೇರಿ. ಅಲ್ಲಿ 1957ರಲ್ಲಿ ಶುರುವಾದ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘ ರಾಷ್ಟ್ರಧ್ವಜ ಮಾಡುತ್ತದೆ. ಕೈಯಲ್ಲಿ ನೂತು ಕೈಯಲ್ಲಿ ನೇಯ್ದ ಬಟ್ಟೆ, ಎಳೆ ಎಣಿಸಿ ಪರೀಕ್ಷೆ. ನೂಲುವವರಲ್ಲಿ, ಹೊಲಿಯುವವರಲ್ಲಿ ಹೆಚ್ಚಿನವರು ಹೆಂಗಸರು. 2021ರ ಡಿಸೆಂಬರಿನಲ್ಲಿ ಧ್ವಜ ಸಂಹಿತೆ ತಿದ್ದಿ ಯಂತ್ರದಲ್ಲಿ ಮಾಡಿದ ಪಾಲಿಯೆಸ್ಟರ್ ಬಾವುಟಕ್ಕೂ ಒಪ್ಪಿಗೆ ಕೊಟ್ಟರು. ಬಾವುಟ ಹಾರಿಸೋದು ಹೆಚ್ಚಾಯಿತು, ನೂಲುವವರ ಕೈಗೆ ಕೆಲಸ ಕಡಿಮೆಯಾಗುವ ಭಯ ಬಂತು. ಜನಿವಾರದ ಕಥೆಯೂ ಇದೇ ಅಲ್ಲವೇ? ಹಾಕಿಕೊಳ್ಳುವ ಅಭಿಮಾನ ಜೋರಾಗಿದೆ, ಮಾಡಲು ಬರುವ ಕೈ ಕಡಿಮೆಯಾಗಿದೆ.

ನೂಲ ಹುಣ್ಣಿಮೆಗೆ ಇನ್ನೊಂದು ಸಂಬಂಧವೂ ಉಂಟು. ಆ ದಿನವೇ ನುಲಿಯ ಚಂದಯ್ಯನ ಜಯಂತಿ. ಹನ್ನೆರಡನೇ ಶತಮಾನದ ಶರಣ, ಹುಲ್ಲಿನ ಹಗ್ಗ ಹೊಸೆಯೋದು ಅವನ ಕಾಯಕ. ಹುಲ್ಲು ಕೊಯ್ಯುವಾಗ ಕೊರಳಿನ ಇಷ್ಟಲಿಂಗ ಜಾರಿ ನೀರಿಗೆ ಬಿತ್ತಂತೆ. ಚಂದಯ್ಯ ತಿರುಗಿಯೂ ನೋಡದೆ ಹುಲ್ಲಿನ ಹೊರೆ ಹೊತ್ತು ಹೊರಟನಂತೆ, ಲಿಂಗವೇ ಹಿಂದೆ ಬಂತಂತೆ. ಮೈಮೇಲೆ ಧರಿಸಿದ್ದು ದೊಡ್ಡದೋ, ಕೈಯಲ್ಲಿ ಹೊಸೆದದ್ದು ದೊಡ್ಡದೋ ಅನ್ನೋ ಪ್ರಶ್ನೆಗೆ ಅವನ ಉತ್ತರ ಸ್ಪಷ್ಟವಾಗಿತ್ತು.

ಜನಿವಾರ ಹಾಕೋದು ಬಿಡೋದು ಅವರವರಿಗೆ ಬಿಟ್ಟದ್ದು, ಅದರ ಬಗ್ಗೆ ನಾನು ಜಗಳಕ್ಕೆ ಬರೋದಿಲ್ಲ. ಆದರೆ ಒಂದು ಮುಷ್ಟಿ ಹತ್ತಿಯಿಂದ 58 ಮೀಟರ್ ನೂಲು ತೆಗೆದು, ಬೆರಳಲ್ಲಿ ಅಳೆದು, ಎರಡು ದಿಕ್ಕಿಗೆ ಹುರಿ ಹಾಕಿ, ಮೈಗೆ ಹೊಂದುವ ಒಂದು ವಸ್ತು ಮಾಡುವ ವಿದ್ಯೆ ಇದೆಯಲ್ಲ, ಅದಕ್ಕೆ ಉಪನಯನ ಬೇಕಿಲ್ಲ. ಗಂಡಾಗಬೇಕಿಲ್ಲ, ಇಂಥದ್ದೇ ಜಾತಿಯೂ ಆಗಬೇಕಿಲ್ಲ. ಅಟ್ಟದ ಮೇಲೆ ಎಲ್ಲಾದರೂ ಒಂದು ಹಳೇ ತಕಲಿ ಬಿದ್ದಿದ್ದರೆ ಕೆಳಗಿಳಿಸಿ. ತಿರುಪಲು ಬರುವ ಹಿರಿಯರು ಮನೆಯಲ್ಲಿ ಇನ್ನೂ ಇದ್ದರೆ ಪಕ್ಕದಲ್ಲಿ ಕೂತು ಕಲಿಯಿರಿ. ಹಾಗೇ, ನಿಮ್ಮ ಮನೆಯಲ್ಲಿ ಯಾರು ನೂಲುತ್ತಿದ್ದರು ಅಂತ ಕೇಳಿ ಅವರ ಹೆಸರು ಒಂದು ಕಡೆ ಬರೆದಿಡಿ. ಹೆಚ್ಚಿನ ಮನೆಗಳಲ್ಲಿ ಅದು ಇನ್ನೂ ಯಾರಿಗಾದರೂ ಒಬ್ಬರಿಗೆ ನೆನಪಿರುತ್ತದೆ.